ಪಾಯಸದ ಗುಲಾಬಿ

ಸೆಂಟಿನಂಗಡಿ ಇಟ್ಟವನ ಹತ್ರ ನಗೋ ಸಂಗತಿಗಳು ತಾವಾಗೇ ನಡ್ಕೊಂಡು ಬರ್ತವೆ, ಕರೆಯೋದೇ ಬೇಡ. ಕಡೂರಲ್ಲಿ ನಲವತ್ತು ವರ್ಷದಿಂದ ಅಂಗಡಿ ನಡೆಸ್ತಿದ್ದೀನಿ. ಬಳೆ, ರಿಬ್ಬನ್ನು, ಅರಿಶಿನ ಕುಂಕುಮ ಎಲ್ಲಾ ಇದೆ, ಆದ್ರೆ ಜನ ಕರೆಯೋದು ಸೆಂಟಿನಂಗಡಿ ಅಂತ್ಲೇ. ಈಗ ಹೇಳೋದನ್ನೆಲ್ಲ ಕೇಳಿದೋರು ನಕ್ಕಿದ್ದಾರೆ. ನಗಲಿ, ನನಗೇನೂ ಬೇಜಾರಿಲ್ಲ. ಆದ್ರೆ ನಡೆಯೋವಾಗ ಒಂದಕ್ಕೂ ನನಗೆ ನಗು ಬಂದಿರ್ಲಿಲ್ಲ ಅನ್ನೋದನ್ನ ಮೊದಲೇ ಹೇಳಿಬಿಡ್ತೀನಿ. ಯಾಕಂದ್ರೆ ಅಷ್ಟೂ ದಿನ ನನ್ನ ಹತ್ರ ಒಂದು ಗುಟ್ಟಿತ್ತು. ಸೆಂಟು ಮಾರೋ ನನಗೆ ವಾಸನೆಯೇ ಬರ್ತಿರ್ಲಿಲ್ಲ.

ನಲವತ್ತು ಸೀಸೆ ನೀರು

ಕೊರೊನಾ ಬಂದಾಗ ನನಗೂ ಬಂತು, ನನ್ನ ಹೆಂಡತಿಗೂ ಬಂತು. ಇಬ್ರೂ ಹದಿನೈದು ದಿನ ಒಂದೇ ಕೋಣೇಲಿ ಮಲಗಿ ಎದ್ದ್ವಿ. ಜೀವ ಉಳೀತು, ದೇವರು ದೊಡ್ಡೋನು. ಅಂಗಡಿ ತೆಗೀಬಹುದು ಅಂದ ದಿನ ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಇಟ್ಕೊಂಡು ಹೋಗಿ ಶಟರ್ ಎತ್ತಿದೆ.

ನಲವತ್ತು ವರ್ಷದಿಂದ ಬೆಳಿಗ್ಗೆ ಬೆಳಿಗ್ಗೆ ನನಗೊಂದು ಸುಖ ಇತ್ತು ನೋಡಿ. ಶಟರ್ ಎತ್ತಿದ ತಕ್ಷಣ ಒಳಗೆ ಕಟ್ಟಿಹಾಕಿದಂಗಿದ್ದ ವಾಸನೆಗಳೆಲ್ಲ, ಗಂಧ, ಮಲ್ಲಿಗೆ, ಕೇದಿಗೆ, ಊದುಬತ್ತಿ, ಒಟ್ಟಿಗೆ ಬಂದು ಮುಖಕ್ಕೆ ತಾಕ್ತಿದ್ವು. ದೇವರ ಮುಂದೆ ಕೈ ಮುಗಿಯೋಕೂ ಮುಂಚೆ ಒಂದು ನಿಮಿಷ ಹಂಗೇ ನಿಂತಿರ್ತಿದ್ದೆ. ಅವತ್ತು ನಿಂತೆ. ಏನೂ ಬರ್ಲಿಲ್ಲ. ಗೋಡೆ ಮುಂದೆ ನಿಂತಂಗಾಯ್ತು.

ಮಾಲು ಕೆಟ್ಟಿದೆ ಅಂದ್ಕೊಂಡೆ. ಒಂದೊಂದೇ ಸೀಸೆ ಬಿರಡೆ ತೆಗೆದು ಮೂಸ್ತಾ ಹೋದೆ. ನಲವತ್ತೂ ನೀರು. ನನಗೆ ಮಾಲು ಕಳಿಸೋ ಬೆಂಗಳೂರಿನ ಏಜೆಂಟನಿಗೆ ಫೋನು ಹಚ್ಚಿ, ಬಾಯಿಗೆ ಬಂದಂಗೆ ಬೈದೆ. ಊರು ಮುಚ್ಚಿದ್ದೇ ಸಮಯ ಅಂತ ನೀರು ತುಂಬಿ ಕಳಿಸಿದ್ದೀಯಾ, ನನ್ನ ಅಂಗಡಿ ಮಾನ ಕಳೀತೀಯಾ, ಅಂತೆಲ್ಲ ಅಂದೆ. ಅವನು ಪೂರ್ತಿ ಕೇಳಿಸ್ಕೊಂಡ. ಆಮೇಲೆ ತಣ್ಣಗೆ ಹೇಳಿದ.

"ಒಂದು ಸೀಸೆ ಕೆಟ್ಟಿದೆ ಅಂದ್ರೆ ನಂಬ್ತೀನಿ ಯಜಮಾನ್ರೇ. ನಲವತ್ತೂ ಕೆಟ್ಟಿದೆ ಅಂದ್ರೆ, ಬದಲಾಯಿಸಬೇಕಾದ್ದು ಸೀಸೆ ಅಲ್ಲ, ಮೂಗು."

ಹಿತ್ತಲ ಪರೀಕ್ಷೆ

ತರೀಕೆರೆ ನನ್ನ ಹೆಂಡತಿಯ ತವರು. ಅಲ್ಲಿ ಒಬ್ರು ಡಾಕ್ಟ್ರಿಗೆ ತೋರಿಸಿದೆ. ಬರಬಹುದು, ಬರದೇನೂ ಇರಬಹುದು, ಕಾದು ನೋಡಿ ಅಂದ್ರು. ಎಷ್ಟು ದಿನ ಕಾಯೋದು? ನನಗೆ ಬೇರೆ ಕೆಲಸ ಗೊತ್ತಿಲ್ಲ. ಹೊಲ ಅಣ್ಣತಮ್ಮಂದಿರ ಪಾಲಿಗೆ ಹೋಯ್ತು, ನನ್ನ ಪಾಲಿಗೆ ಬಂದಿದ್ದು ಅಂಗಡಿ ಮತ್ತು ಮೂಗು. ಮೂಗಿಲ್ಲದೋನು ಸೆಂಟು ಮಾರ್ತಾನೆ ಅಂತ ಕಡೂರಿಗೆ ಗೊತ್ತಾದ್ರೆ ಯಾರು ಬರ್ತಾರೆ? ಮನೆಗೆ ಬಂದು ಹೆಂಡತಿ ಮುಂದೆ ಕೂತು, ಮೂಗು ಹೋಯ್ತು ಕಣೇ, ನನ್ನ ಕಥೆ ಮುಗೀತು, ಅಂದೆ.

ಅವಳು ಒಲೆ ಕಡೆ ತಿರುಗಿ ಅದೇನೋ ಕೈಯಾಡಿಸಿದ್ಲು. ಆಮೇಲೆ, "ನಾನಿಲ್ವಾ? ನಾನು ಮೂಸ್ತೀನಿ, ನೀವು ಮಾರಿ" ಅಂದ್ಲು.

ಅವತ್ತಿಂದ ಅದೇ ಕ್ರಮ. ಹೊಸ ಮಾಲು ಬಂದ್ರೆ ಮೊದಲು ಮನೆಗೆ. ಸೀಸೆ ತಗೊಂಡು ಅವಳು ಹಿತ್ತಲಿಗೆ ಹೋಗ್ತಾಳೆ. ಮನೆಯೊಳಗೆ ಒಗ್ಗರಣೆ ವಾಸನೆ ಬೆರೆಯುತ್ತಂತೆ, ಬಯಲಲ್ಲಿ ಮೂಸಿದ್ರೇ ಸರಿಯಾಗಿ ತಿಳಿಯೋದಂತೆ. ಹತ್ತು ನಿಮಿಷ ಬಿಟ್ಟು ಬಂದು ಹೇಳ್ತಾಳೆ, ಚೀಟೀಲಿ ಬರೆದು ಸೀಸೆಗೆ ಅಂಟಿಸ್ತಾಳೆ. ನಾನು ಅದನ್ನ ಬಾಯಿಪಾಠ ಮಾಡ್ಕೊಂಡು ಅಂಗಡೀಲಿ ಒಪ್ಪಿಸ್ತೀನಿ. ಅವಳ ಶ್ರದ್ಧೆ ನೋಡಿ ನನಗೆ ಗೌರವ ಬಂದಿತ್ತು. ಮಳೆ ಬಂದ್ರೂ ಕೊಡೆ ಹಿಡ್ಕೊಂಡು ಹಿತ್ತಲಿಗೇ ಹೋಗೋಳು.

ಹಿಂಗೆ ಶುರುವಾದ ಮೊದಲ ತಿಂಗಳಲ್ಲೇ ಏಜೆಂಟ ಒಂದು ಹೊಸ ಗುಲಾಬಿ ಸೆಂಟು ಕಳಿಸಿದ. ನಮ್ಮ ಕಾಲದ ಗುಲಾಬಿ ಸೆಂಟು ಅಂದ್ರೆ ಖಡಕ್ಕು. ಹಸಿರು ಎಲೆ, ಮುಳ್ಳು ಸಮೇತ ಮೂಗಿಗೆ ಬರೋದು. ಇದು ಹಂಗಲ್ಲವಂತೆ. ನನ್ನ ಹೆಂಡತಿ ಹಿತ್ತಲಿಂದ ಬಂದು ಹೇಳಿದ್ಲು: ಮೊದಲು ಸಕ್ಕರೆ ಪಾಕ, ಆಮೇಲೆ ಗುಲಾಬಿ, ಕೊನೆಗೆ ಕೆನೆ ಕಟ್ಟಿದ ಹಾಲು. ಸೆಂಟೋ ಅಡುಗೆಯೋ ಅಂತ ಕೇಳಿದೆ. ಇದು ಹಚ್ಕೊಳ್ಳೋದಲ್ಲ ರೀ, ಬಡಿಸ್ಕೊಳ್ಳೋದು, ಅಂದ್ಲು. ಚೀಟೀಲಿ 'ಪಾಯಸದ ಗುಲಾಬಿ' ಅಂತ ಬರೆದ್ಲು. ಹೆಸರು ನಿಂತ್ಬಿಡ್ತು, ವಾರ ವಾರ ಮಾಲು ತರಿಸೋ ಹಂಗಾಯ್ತು.

ಎದುರಿನ ಬ್ಯಾಂಕಿನ ಮೇಡಂ ಒಬ್ರು ಬಂದ್ರು. ನಾನು ಮಂತ್ರ ಹೇಳಿದಂಗೆ ಹೇಳಿ, ಅವರ ಮಣಿಕಟ್ಟಿಗೆ ಒಂದು ತೊಟ್ಟು ಹಚ್ಚಿದೆ. ಅವರು ಕಣ್ಣು ಮುಚ್ಕೊಂಡು ಪಾಕ ಬಂತು ಅಂದ್ರು, ಗುಲಾಬಿ ಬಂತು ಅಂದ್ರು. ಆಮೇಲೆ ಕಣ್ಣು ಬಿಟ್ಟು, ಕೆನೆ ಬರ್ಲಿಲ್ವಲ್ಲ ಅಂದ್ರು. ನಾನು ಗಂಭೀರವಾಗಿ, ಹಾಲು ಕಾಯೋಕೆ ಹೊತ್ತು ಹಿಡಿಯುತ್ತಮ್ಮ, ಅಂದೆ. ಅವರು ಹೋದ್ರು. ಅರ್ಧ ಗಂಟೆ ಆದ್ಮೇಲೆ, ಕೌಂಟರಿನ ಮುಂದೆ ನಿಂತಿದ್ದ ಜನಾನೆಲ್ಲ ಬಿಟ್ಟು, ರಸ್ತೆ ದಾಟ್ಕೊಂಡು ಬಂದ್ರು.

"ಉಕ್ತು ಯಜಮಾನ್ರೇ. ಎರಡು ಸೀಸೆ ಕೊಡಿ."

ಬಸ್ಸಿನ ಅಜ್ಜಿ

ತರೀಕೆರೆ ಅಂಗಡಿಯೋರು ಒಬ್ರು ಇದನ್ನ ಕೇಳಿದ್ರು ಅಂತ ಬ್ಯಾಗಲ್ಲಿ ಆರು ಸೀಸೆ ಇಟ್ಕೊಂಡು ಬಸ್ ಹತ್ತಿದೆ. ಒಂದರ ಬಿರಡೆ ಸಡಿಲ ಆಗಿದೆ. ಮೂಗಿದ್ದೋನಾದ್ರೆ ಬೀರೂರು ದಾಟೋಕೆ ಮುಂಚೆ ಗೊತ್ತಾಗ್ತಿತ್ತು. ನನಗೇನು ಗೊತ್ತು? ಹಿಂದಿನ ಸೀಟೋರು, ಮುಂದಿನ ಸೀಟೋರು, ಎಲ್ಲಾ ನನ್ನ ಬ್ಯಾಗನ್ನೇ ನೋಡ್ತಿದ್ದಾರೆ. ಕಂಡಕ್ಟರ್ ಟಿಕೆಟ್ ಹರಿಯೋದು ಬಿಟ್ಟು ನಿಂತ್ಕೊಂಡ. ನನ್ನ ಗುಟ್ಟು ಇವರಿಗೆಲ್ಲ ಹೆಂಗೋ ತಿಳಿದುಹೋಗಿದೆ ಅಂತ ನನಗೆ ಬೆವರು.

ಪಕ್ಕದಲ್ಲಿದ್ದ ಅಜ್ಜಿ, ಏನಪ್ಪಾ ವಿಶೇಷ, ಅಂತ ಕೇಳಿದ್ರು. ಏನೂ ಇಲ್ಲ ಅಂದೆ. ಮಗಳು ಹೆತ್ತಳಾ? ಇಲ್ಲ. ಗೃಹಪ್ರವೇಶವಾ? ಇಲ್ಲ. ಹಂಗಾದ್ರೆ ಬ್ಯಾಗಲ್ಲಿ ಏನಿದೆ? ಏನಿಲ್ಲಜ್ಜಿ, ಸಾಮಾನು. ಅಜ್ಜಿ ತರೀಕೆರೇಲಿ ಇಳಿಯೋವಾಗ ಬಸ್ಸಿಗೆಲ್ಲ ಕೇಳೋ ಹಂಗೆ ಹೇಳಿ ಇಳಿದ್ರು.

"ಕೊಡಕ್ಕೆ ಮನಸ್ಸಿಲ್ದಿದ್ರೆ ಬ್ಯಾಡಪ್ಪ. ಜಾಮೂನು ತೊಡೆ ಮ್ಯಾಲೆ ಇಟ್ಕೊಂಡು ಇಲ್ಲ ಅನ್ಬ್ಯಾಡ."

ನೋಡಕ್ಕೆ ಮಾತ್ರ

ಕೆಮ್ಮಣ್ಣುಗುಂಡಿ ತೋಟದಲ್ಲಿ ಗುಲಾಬಿ ಬಿಟ್ಟಿದೆ ಅಂತ ಯಾರೋ ಅಂದ್ರು. ನನಗೊಂದು ಆಸೆ. ಸೀಸೆ ಗುಲಾಬಿಗೆ ಎಚ್ಚರ ಆಗದಿರೋ ಮೂಗು ನಿಜವಾದ ಹೂವಿಗೆ ಎಚ್ಚರ ಆದ್ರೂ ಆಗಬಹುದು ಅಂತ. ಹೆಂಡತೀನ ಕರ್ಕೊಂಡು ಹೋದೆ.

ಒಂದೊಂದೇ ಗಿಡದ ಹತ್ರ ಬಗ್ಗಿ ಮೂಸ್ತಾ ಬಂದೆ. ಕೆಂಪು, ಬಿಳಿ, ಹಳದಿ, ಎಲ್ಲದರ ಮುಂದೆಯೂ ಕಣ್ಣು ಮುಚ್ಚಿ ಉಸಿರು ಎಳ್ಕೊಂಡೆ. ತಣ್ಣನೆ ಗಾಳಿ ಬಂತು, ಅಷ್ಟೇ. ಸೊಂಟ ಹಿಡ್ಕೊಳ್ತು, ಮನಸ್ಸು ಇನ್ನೂ ಜಾಸ್ತಿ ಹಿಡ್ಕೊಳ್ತು. ನನ್ನ ಹೆಂಡತಿ ನನಗೆ ಧೈರ್ಯ ಬರಲಿ ಅಂತ ತಾನೂ ಜೊತೆಗೆ ಬಗ್ಗಿ ಬಗ್ಗಿ ಮೂಸ್ತಿದ್ಲು. ಒಂದು ದೊಡ್ಡ ನಸುಗೆಂಪು ಹೂವಿನ ಮುಂದೆ ನಿಂತು, "ಆಹಾ, ಏನು ಘಮ ರೀ ಇದು, ತಲೆಗೇ ಹತ್ತುತ್ತೆ" ಅಂದ್ಲು.

ಅಲ್ಲೇ ಕಳೆ ಕೀಳ್ತಿದ್ದ ಮಾಲಿ ತಲೆ ಎತ್ತಿದ. ಅಮ್ಮಾ, ಅದು ಬರೀ ನೋಡಕ್ಕೆ, ಅದು ವಾಸನೆ ಇಲ್ಲದ ಜಾತಿ, ಅಂದ. ನನ್ನ ಹೆಂಡತಿ ಮುಖ ಆ ಹೂವಿನ ಬಣ್ಣಕ್ಕೇ ತಿರುಗ್ತು. ನನಗೆ ಬಂತಪ್ಪ, ಅಂತ ಮೆಲ್ಲಗೆ ಅಂದ್ಲು. ನಾನು ಬಿಡ್ತೀನಾ? ಎದೆ ಉಬ್ಬಿಸ್ಕೊಂಡು ಮಾಲಿಗೆ ಹೇಳಿದೆ.

"ನಮ್ಮನೆಯೋಳ ಮೂಗು ನಿನಗೆ ಗೊತ್ತಿಲ್ಲ ಕಣಯ್ಯಾ. ಇಲ್ಲದಿರೋ ವಾಸನೇನೂ ಹಿಡಿಯುತ್ತೆ."

ದೇವನೂರಿನ ಮದುವೆ

ದೇವನೂರಿನ ಒಬ್ಬ ರೈತರು ಮಗಳ ಮದುವೆಗೆ ಪನ್ನೀರು ಬೇಕು ಅಂದ್ರು. ಬಾಗಿಲಲ್ಲಿ ಹೆಣ್ಣುಮಕ್ಕಳು ಪನ್ನೀರುದಾನಿ ಹಿಡ್ಕೊಂಡು ಬಂದೋರ ಮೇಲೆ ಚಿಮುಕಿಸ್ತಾರಲ್ಲ, ಅದಕ್ಕೆ. ಅಂಗಡಿ ಪನ್ನೀರು ಯಾವಾಗ್ಲೂ ಸಪ್ಪೆ. ಅದಕ್ಕೆ ನಾಲ್ಕು ತೊಟ್ಟು ಗುಲಾಬಿ ಸೆಂಟು ಬೆರೆಸಿ ಕೊಡೋದು ನನ್ನ ಕೈಗುಣ. ಮೊದಲೆಲ್ಲ ಮೂಗು ಸಾಕು ಅಂದಾಗ ನಿಲ್ಲಿಸ್ತಿದ್ದೆ. ಈಗ ಸಾಕು ಅನ್ನೋರು ಯಾರು? ಮದುವೆ ಮನೆ, ಕಡಿಮೆ ಆಗಬಾರದು ಅಂತ ಪಾಯಸದ ಗುಲಾಬಿ ಪೂರ್ತಿ ಸೀಸೆ ಸುರಿದೆ. ನನ್ನನ್ನೂ ಕರೆದಿದ್ರು, ಹೋಗಿದ್ದೆ.

ಬಂದೋರ ಮೇಲೆಲ್ಲ ಪನ್ನೀರು ಬಿತ್ತು. ಒಬ್ಬೊಬ್ರೇ ಮೂಗೆತ್ತಿ ನೋಡೋಕೆ ಶುರು ಮಾಡಿದ್ರು. ಜಾಮೂನು ಬಡಿಸ್ತಿದ್ದಾರೆ, ಮೊದಲ ಪಂಕ್ತಿ ಕೂತಾಯ್ತಂತೆ, ಅಂತ ಯಾರೋ ಅಂದ್ರು. ಅಷ್ಟೇ ನೋಡಿ. ಹಿಂದಿನ ಸಾಲು ಎದ್ದಿತು, ಅದನ್ನ ನೋಡಿ ಮುಂದಿನ ಸಾಲು ಎದ್ದಿತು. ತಾಳಿ ಕಟ್ಟೋ ಹೊತ್ತಿಗೆ ಅಯ್ನೋರು ಅಕ್ಷತೆ ಹಾಕಿ ಅಂತ ತಲೆ ಎತ್ತಿದ್ರೆ, ಕುರ್ಚಿ ಮೇಲೆ ನಾನೊಬ್ಬ, ಪಕ್ಕದಲ್ಲಿ ವಿಡಿಯೋದವನೊಬ್ಬ. ನಾನು ಯಾಕೆ ಕೂತಿದ್ದೆ ಅಂದ್ರೆ, ನನಗೆ ವಾಸನೆ ಬಂದಿರ್ಲಿಲ್ಲ.

ಆ ಕಡೆ ಊಟದ ಮನೇಲಿ ಅನ್ನವೇ ಬೆಂದಿಲ್ಲ, ಎಲೆಯೇ ಹಾಕಿಲ್ಲ. ಅಡುಗೆಯೋರು ಸೌಟು ಅಡ್ಡ ಹಿಡಿದು ಎಲ್ಲರನ್ನೂ ವಾಪಸು ಕಳಿಸಿದ್ರು. ಹೆಣ್ಣಿನ ತಂದೆ ಬಂದು ನನ್ನ ಕೈ ಹಿಡ್ಕೊಂಡು, ನನ್ನ ಮಗಳ ಮದುವೆಗೆ ನೀವೊಬ್ರೇ ಗೌರವ ಕೊಟ್ಟು ಕೂತಿದ್ದು ಯಜಮಾನ್ರೇ, ಅಂತ ಕಣ್ಣಲ್ಲಿ ನೀರು ತಂದ್ಕೊಂಡ್ರು. ನಾನು ಭೂಮಿಗೆ ಇಳಿದುಹೋದೆ.

ಆವತ್ತಿನ ಸಿಹಿ ಬೂಂದಿ ಲಾಡು. ಜಾಮೂನು ಮಾಡಿಸೇ ಇರ್ಲಿಲ್ಲ. ಆದ್ರೆ ದೇವನೂರಿನ ಕಡೆ ಇವತ್ತಿಗೂ ಒಂದು ಮಾತಿದೆ. ಆ ಮನೆಯೋರು ಜಾಮೂನು ಮಾಡಿಸಿ ಬೀಗರಿಗೆ ಮಾತ್ರ ಬಡಿಸಿದ್ರು ಅಂತ.

ಮೇಷ್ಟ್ರ ಶುಗರ್

ನಮ್ಮ ಮನೆ ಹಿತ್ತಲಿಗೂ ಪಕ್ಕದ ಮನೆ ಹಿತ್ತಲಿಗೂ ನಡುವೆ ಎದೆಮಟ್ಟದ ಗೋಡೆ. ಆ ಮನೇಲಿ ರಿಟೈರಾದ ಮೇಷ್ಟ್ರು, ಅವರ ಹೆಂಡತಿ. ಮೇಷ್ಟ್ರಿಗೆ ಒಂಬತ್ತು ವರ್ಷದಿಂದ ಶುಗರ್. ಅಷ್ಟು ವರ್ಷದಿಂದ ಸಕ್ಕರೆ ಡಬ್ಬಿಗೆ ಬೀಗ ಹಾಕಿ ಬೀಗದ ಕೈಯನ್ನ ತಾಳಿಸರದ ಪಿನ್ನಿಗೆ ಸಿಕ್ಕಿಸ್ಕೊಂಡ ಹೆಂಗಸು ಅವರು. ನನ್ನ ಹೆಂಡತಿ ಅವರನ್ನ ಅಕ್ಕಾ ಅಂತಾಳೆ.

ಒಂದಿನ ಮೇಷ್ಟ್ರು ಅಂಗಡಿಗೆ ಬಂದು, ಅತ್ತ ಇತ್ತ ನೋಡಿ, ಪಾಯಸದ ಗುಲಾಬಿ ಒಂದು ಸೀಸೆ ತಗೊಂಡ್ರು. ಯಾರಿಗೂ ಹೇಳಬೇಡಪ್ಪಾ ಅಂದ್ರು. ಏನು ಮೇಷ್ಟ್ರೇ ಈ ವಯಸ್ಸಲ್ಲಿ ಅಂತ ಚೇಷ್ಟೆ ಮಾಡಿದೆ. ಅವರು ನಗ್ಲಿಲ್ಲ.

"ತಿನ್ನಂಗಿಲ್ಲ. ಮೂಸಬಹುದಲ್ಲಪ್ಪಾ" ಅಂದ್ರು.

ಕಾಲರಿಗೆ ಒಂದು ತೊಟ್ಟು ಹಚ್ಕೊಂಡು ಸಪ್ಪೆ ಕಾಫಿ ಕುಡಿದ್ರೆ, ಪಕ್ಕದಲ್ಲಿ ಜಾಮೂನು ಬಟ್ಟಲು ಇಟ್ಟಂಗಿರುತ್ತಂತೆ. ನನಗೆ ಪಾಪ ಅನ್ನಿಸ್ತು. ಅವರಿಗೆ ಮೂಗಾದ್ರೂ ಇದೆಯಲ್ಲ ಅಂತ ಹೊಟ್ಟೆಕಿಚ್ಚೂ ಆಯ್ತು, ಸುಳ್ಳು ಯಾಕೆ ಹೇಳ್ಲಿ.

ನಾಲ್ಕೇ ದಿನ. ಮೇಷ್ಟ್ರ ಹೆಂಡತಿ ಗೋಡೆ ಹತ್ರ ಬಂದು ನನ್ನ ಹೆಂಡತಿ ಮೇಲೆ ಎಗರಾಡಿದ್ರು. ನನ್ನ ಗಂಡನಿಗೆ ಕದ್ದು ಪಾಯಸ ಹಾಕ್ತೀಯಾ, ನನ್ನ ತಾಳಿ ಮೇಲೆ ಕಣ್ಣಾ ನಿನಗೆ, ಅಂತ. ನಾವು ಕೊಟ್ಟಿಲ್ಲ ಅಂತ ಎಷ್ಟು ಹೇಳಿದ್ರೂ ಕೇಳ್ಲಿಲ್ಲ. ಅದು ನಿಮ್ಮನೆ ಪಾಯಸದ ವಾಸನೇನೇ, ನನಗೆ ಗೊತ್ತಿಲ್ವಾ, ಅನ್ನೋದೊಂದೇ ಮಾತು. ನನಗೆ ಆಶ್ಚರ್ಯ. ನಮ್ಮನೇಲಿ ಪಾಯಸ ಮಾಡಿ ಆರು ತಿಂಗಳಾಗಿತ್ತು. ನನ್ನ ಹೆಂಡತಿ ಮಾತ್ರ ಎದುರಾಡದೆ ನೆಲ ನೋಡ್ಕೊಂಡು ನಿಂತಿದ್ಲು. ಪಾಪ, ಸಾಧು ಹೆಂಗಸು ಅಂದ್ಕೊಂಡೆ.

ಮೇಷ್ಟ್ರನ್ನ ಆಸ್ಪತ್ರೆಗೆ ಎಳ್ಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿದ್ರು. ಶುಗರ್ ಯಾವತ್ತಿಗಿಂತ ಕಡಿಮೆ ಬಂತು. ಮಿಷನ್ನೇ ಕೆಟ್ಟಿದೆ ಅಂತ ಇನ್ನೊಂದು ಕಡೆ ಮಾಡಿಸಿದ್ರು. ಅಲ್ಲೂ ಕಡಿಮೆ. ಆದ್ರೂ ನಂಬ್ಲಿಲ್ಲ. ಎರಡು ಹೊತ್ತೂ ಹಾಗಲಕಾಯಿ ರಸ, ರಾಗಿ ಅಂಬಲಿ. ಮೇಷ್ಟ್ರು ಇಳಿದುಹೋದ್ರು. ನಿಜ ಹೇಳಿಬಿಡಿ ಮೇಷ್ಟ್ರೇ, ನಮ್ಮ ಮನೆಯೋಳಿಗೂ ಬಿಡುಗಡೆ, ನಿಮಗೂ ಬಿಡುಗಡೆ, ಅಂತ ನಾನು ಬೇಡ್ಕೊಂಡೆ. ಅವರು ತಲೆ ಅಲ್ಲಾಡಿಸಿದ್ರು.

"ಸಿಹಿ ಕದ್ದು ತಿಂದೆ ಅಂತ ಬೇಕಾದ್ರೆ ಒಪ್ಕೋತೀನಿ. ಮೂವತ್ತೈದು ವರ್ಷ ಪಾಠ ಹೇಳಿದೋನು, ಕಾಲರ್ ಮೂಸ್ಕೊಂಡು ಕೂತಿದ್ದೆ ಅಂತ ಹೆಂಗಪ್ಪಾ ಹೇಳ್ಲಿ?"

ಅಜ್ಜಂಪುರದ ಹಿರಿಯರು

ಪಕ್ಕದ ಮನೆ ಮಾತು ನಿಂತ ದಿನದಿಂದ ನನ್ನ ಹೆಂಡತಿಗೆ ನೆಗಡಿ. ಎಂಥಾ ನೆಗಡಿ ಅಂದ್ರೆ, ಸೀನಿಲ್ಲ, ಕೆಮ್ಮಿಲ್ಲ, ಆದ್ರೆ ವಾಸನೆ ಬರಲ್ಲವಂತೆ. ಹೊಸ ಮಾಲು ಬಂದು ಬಿದ್ದಿದೆ. ದೊಡ್ಡ ಡಬ್ಬಿಯಿಂದ ಸಣ್ಣ ಸೀಸೆಗೆ ತುಂಬಿದ್ದೀನಿ, ಚೀಟಿ ಇಲ್ಲ. ಹಿತ್ತಲಿಗೆ ಹೋಗೇ ಅಂದ್ರೆ, ನೆಗಡಿ ಹೋಗ್ಲಿ ರೀ, ಅಂತಾಳೆ. ಒಂದು ತಿಂಗಳಾಯ್ತು, ಎರಡು ತಿಂಗಳಾಯ್ತು. ನಾನು ಅಂದಾಜಿನ ಮೇಲೆ ಅಂಗಡಿ ನಡೆಸ್ತಿದ್ದೆ.

ಆಗ ಅಜ್ಜಂಪುರದಿಂದ ಬೈಕಲ್ಲಿ ಒಬ್ರು ಬಂದ್ರು. ಅವರ ತಂದೆ ನನ್ನ ಹಳೇ ಗಿರಾಕಿ. ಗಂಧದ ಅತ್ತರು ಬಿಟ್ಟು ಬೇರೆ ಮುಟ್ಟಿದೋರಲ್ಲ. ಬಲು ಬಿಗಿ ಮನುಷ್ಯ. ಮನೇಲಿ ಅವರು ಕೆಮ್ಮಿದ್ರೆ ದನಗಳೂ ಎದ್ದು ನಿಲ್ತಿದ್ವು ಅಂತ ಜನ ಹೇಳೋರು. ಬೆಳಿಗ್ಗೆ ತೀರ್ಕೊಂಡ್ರಂತೆ. ಅಪ್ಪನಿಗೆ ಕೊನೇ ಸಲ ಅವರದೇ ಅತ್ತರು ಹಾಕಬೇಕು ಅಂತ ಮಗ ಅಷ್ಟು ದೂರ ಬಂದಿದ್ದ. ಗಂಧ ಯಾವಾಗ್ಲೂ ಎಡಗಡೆ ಮೂಲೇಲಿ ಇಡ್ತೀನಿ. ಅಲ್ಲಿಂದ ತೆಗೆದು ಕೊಟ್ಟೆ. ಹಳೇ ಗಿರಾಕಿ ಅಂತ ಅಂಗಡಿಗೆ ಬೀಗ ಹಾಕಿ ನಾನೂ ಬೈಕ್ ಹತ್ತಿದೆ.

ಹಿರಿಯರನ್ನ ಪದ್ಮಾಸನ ಹಾಕಿ ಕೂರಿಸಿದ್ರು. ವಿಭೂತಿ, ರುದ್ರಾಕ್ಷಿ, ಹೂವಿನ ಹಾರ. ಅದೇ ಗಂಟುಮುಖ. ಮಗ ಅಳ್ತಾ ಅಳ್ತಾ ಸೀಸೆ ಅಷ್ಟನ್ನೂ ಅಪ್ಪನ ಶಲ್ಯಕ್ಕೆ ಸುರಿದ. ಸ್ವಲ್ಪ ಹೊತ್ತಿಗೆ ಅಳೋ ಹೆಂಗಸರು ಅಳು ನಿಲ್ಲಿಸಿ ಒಬ್ಬರ ಮುಖ ಒಬ್ರು ನೋಡಿದ್ರು. ಸಾವಿನ ಮನೇಲಿ ಒಲೆ ಹಚ್ಚಿದೋರು ಯಾರು, ಪಾಯಸ ಯಾರು ಇಟ್ರು, ಅಂತ ಗುಸುಗುಸು. ಇಬ್ರು ಹೋಗಿ ಅಡುಗೆಮನೆ ಹುಡುಕಿ ಬಂದ್ರು. ಆಗ ನನಗೆ ತಿಳೀತು. ಎಡಗಡೆ ಮೂಲೇಲಿ ನಾನೇ ಪಾಯಸದ ಗುಲಾಬಿ ತುಂಬಿಟ್ಟಿದ್ದೆ. ಹೆಣದ ಮುಂದೆ ಕೂತು ಒಬ್ಬ ಸತ್ತೋನಿಗೆ ಮೋಸ ಮಾಡಿದ್ದೆ ನಾನು.

ಹಿರಿಯರ ಅಕ್ಕ ಒಬ್ರು ಇದ್ರು, ಬೆನ್ನು ಬಾಗಿದ ಹಣ್ಣು ಮುದುಕಿ. ಗೋಡೆ ಹಿಡ್ಕೊಂಡು ಎದ್ದು ಬಂದು ತಮ್ಮನ ಹತ್ರ ಬಗ್ಗಿದ್ರು. ಎದೆಗೆ ಮೂಗು ಹಚ್ಚಿ ಮೂಸಿದ್ರು. ಮಗ ಟವಲ್ಲಿಂದ ಒರೆಸೋಕೆ ಕೈ ಹಾಕ್ದ. ಅಜ್ಜಿ ಆ ಕೈ ಹಿಡ್ಕೊಂಡ್ರು.

"ಹುಟ್ಟಿದಾಗಿಂದ ಇವತ್ತೊಂದಿನ ನನ್ನ ತಮ್ಮ ಸಿಹಿಯಾಗಿದ್ದಾನೆ ಕಣೋ. ಒರೆಸಬ್ಯಾಡ."

ಮೊದಲು ಸೊಸೆ ಸೆರಗು ಬಾಯಿಗೆ ಇಟ್ಕೊಂಡ್ಲು. ಆಮೇಲೆ ನೆರೆದಿದ್ದೋರೆಲ್ಲ ಟವಲ್ಲಲ್ಲಿ ಮುಖ ಮುಚ್ಕೊಂಡ್ರು. ಅಳ್ತಿದ್ರೋ ನಗ್ತಿದ್ರೋ ಶಿವನೇ ಬಲ್ಲ.

ಸೀದ ಸಾರು

ಅಜ್ಜಂಪುರದಿಂದ ಸಂಜೆ ವಾಪಸು ಬಂದೆ. ಹೆಂಡತಿ ಸಾರು ಒಲೆ ಮೇಲಿಟ್ಟು ಬಂದು ಎದುರಿಗೆ ಕೂತ್ಲು. ನಡೆದದ್ದೆಲ್ಲ ಹೇಳ್ದೆ. ಆ ಅಜ್ಜಿ ನನ್ನ ಮಾನ ಉಳಿಸಿದ್ರು, ಇನ್ನೊಂದ್ಸಲ ಯಾರು ಉಳಿಸ್ತಾರೆ? ಇದು ಮೋಸ ಕಣೇ, ನಾಳೆಯಿಂದ ಅಂಗಡಿ ಮುಚ್ತೀನಿ, ಅಂದೆ. ಇಬ್ರೂ ಸುಮ್ಮನೆ ಕೂತ್ವಿ. ಎಷ್ಟು ಹೊತ್ತೋ.

ಹಿತ್ತಲ ಬಾಗಿಲು ದಡಾರ್ ಅಂತು. ಎರಡು ತಿಂಗಳಿಂದ ಮಾತು ಬಿಟ್ಟಿದ್ದ ಮೇಷ್ಟ್ರ ಹೆಂಡತಿ ಅಡುಗೆಮನೆಗೆ ನುಗ್ಗಿ ಗ್ಯಾಸು ಆರಿಸಿದ್ರು. ಪಾತ್ರೆ ಕೆಂಡ ಆಗಿತ್ತು, ಸಾರು ಕರಕಲು. ಅಡುಗೆಮನೆ ತುಂಬ ಹೊಗೆ. ಆಯಮ್ಮ ಸೊಂಟಕ್ಕೆ ಕೈ ಇಟ್ಕೊಂಡು ನಮ್ಮಿಬ್ಬರ ಮುಂದೆ ನಿಂತು, ನಾಲ್ಕು ಮನೆ ಆಚೆಗೆ ಸೀದ ವಾಸನೆ ಹೊಡೀತಿದೆ, ನೀವಿಬ್ರು ಗೊಂಬೆ ಕೂತಂಗೆ ಕೂತಿದ್ದೀರಲ್ಲ, ಅಂದ್ರು.

ನನಗೆ ಬರಲ್ಲ, ಸರಿ. ನಾನು ಹೆಂಡತಿ ಕಡೆ ತಿರುಗಿದೆ.

"ನಿನಗೂ ಬರ್ಲಿಲ್ವೇನೇ?"

ಅವಳು ಸೆರಗಿಂದ ಮುಖ ಮುಚ್ಕೊಂಡ್ಲು. "ಬರಲ್ಲ ರೀ."

"ಯಾವತ್ತಿಂದ?"

"ನಿಮ್ದು ಹೋಗೋಕೆ ಎರಡು ದಿನ ಮುಂಚೆಯಿಂದ."

ಉಳಿದದ್ದನ್ನ ಅವಳೇ ಹೇಳಿದ್ಲು, ನೆಲ ನೋಡ್ಕೊ‍ಂಡೇ. ಮೂಗು ಹೋಯ್ತು ಕಣೇ ಅಂತ ಬಂದಿರಲ್ಲ, ಆ ಮುಖ ನೋಡಿ ನಂದೂ ಹೋಗಿದೆ ಅನ್ನೋಕೆ ಬಾಯಿ ಬರ್ಲಿಲ್ಲ, ಅಂದಿದ್ರೆ ನೀವು ಅವತ್ತೇ ಬೀಗ ಹಾಕಿ ಮೂಲೆ ಸೇರ್ತಿದ್ರಿ, ಅಂತ. ಹಿತ್ತಲಲ್ಲಿ ಸೆರಗಿಗೆ ಒಂದು ತೊಟ್ಟು ಹಚ್ಕೊಂಡು ಗೋಡೆ ಹತ್ರ ನಿಂತ್ಕೊಳ್ತಿದ್ಲಂತೆ. ಮಲ್ಲಿಗೆ ಸೆಂಟಾದ್ರೆ, ಅಕ್ಕಾ, ದೇವರಿಗೆ ಯಾವ ಹೂವಿಟ್ಟಿದ್ದೀನಿ ಹೇಳು ನೋಡೋಣ. ಗಂಧವಾದ್ರೆ, ಯಾವ ಊದುಬತ್ತಿ ಹೇಳು ನೋಡೋಣ. ಪಾಯಸದ ಗುಲಾಬಿಗೆ, ಒಲೆ ಮೇಲೆ ಏನಿಟ್ಟಿದ್ದೀನಿ ಹೇಳು ನೋಡೋಣ. ಅಕ್ಕ ಹೇಳಿದ್ದನ್ನ ಹಂಗೇ ಬಂದು ನನಗೆ ಒಪ್ಪಿಸ್ತಿದ್ಲು. ಅಕ್ಕ ಮಾತು ಬಿಟ್ಟ ಮೇಲೆ ನೆಗಡಿ.

ಕೆಮ್ಮಣ್ಣುಗುಂಡಿಯ ಆ ನಸುಗೆಂಪು ಹೂವು ನನ್ನ ಕಣ್ಣ ಮುಂದೆ ಬಂತು. ಎರಡು ವರ್ಷ ನನ್ನ ದುಃಖ ನಾನು ಇವಳ ಮುಂದೆ ಹೇಳ್ಕೊಂಡು ಅತ್ತಿದ್ದೆ. ಇವಳು ಅದೇ ದುಃಖಾನ ಇಟ್ಕೊಂಡು ನನಗೆ ಸಮಾಧಾನ ಹೇಳಿದ್ಲು. ನನಗೆ ಅಳು ತಡಿಯೋಕಾಗ್ಲಿಲ್ಲ. ಪಕ್ಕದ ಮನೆಯೋರು ಇದ್ದಾರೆ ಅನ್ನೋದೂ ಮರೆತು ಅವಳ ಕೈ ಹಿಡ್ಕೊಂಡು ಅತ್ತೆ.

ಮೇಷ್ಟ್ರ ಹೆಂಡತಿ ಎಲ್ಲಾ ಕೇಳಿಸ್ಕೊಂಡು ನಿಂತಿದ್ರು. ಹೆಂಡತಿ ಕೂಗಾಟ ಕೇಳಿ ಹಿಂದೆಯೇ ಬಂದಿದ್ದ ಮೇಷ್ಟ್ರಿಗೂ ಇನ್ನು ಮುಚ್ಚಿಡೋಕಾಗ್ಲಿಲ್ಲ. ಜೇಬಿಂದ ಸೀಸೆ ತೆಗೆದು ಹೆಂಡತಿ ಕೈಗೆ ಕೊಟ್ಟು, ಪರೀಕ್ಷೇಲಿ ಕಾಪಿ ಹೊಡೆದು ಸಿಕ್ಕಿಬಿದ್ದೋರ ಹಂಗೆ ನಿಂತ್ರು. ಆಯಮ್ಮ ಬಿರಡೆ ತೆಗೆದು ಮೂಸಿದ್ರು. ಗಂಡನ ಇಳಿದ ಮುಖ ನೋಡಿದ್ರು. ಹಾಗಲಕಾಯಿ ರಸ ನೆನಪಾಯ್ತೇನೋ, ಕಣ್ಣು ತುಂಬ್ಕೊಂಡ್ರು. ಆಮೇಲೆ ನನ್ನ ಹೆಂಡತಿ ಕಡೆ ತಿರುಗಿದ್ರು. ನಾವು ಕ್ಷಮೆ ಕೇಳೋಕೆ ಬಾಯಿ ತೆಗೆಯೋ ಹೊತ್ತಿಗೆ ಅವರೇ ಅಂದ್ರು.

"ಅಲ್ಲ ಕಣೇ, ಎರಡು ವರ್ಷದಿಂದ ವಾರಕ್ಕೊಂದ್ಸಲ ಪಾಯಸದ ವಾಸನೆ ತಂದು ಮೂಗಿಗೆ ಹಿಡಿದ್ಯಲ್ಲ. ಒಂದು ದಿನ ಒಂದು ಲೋಟ ಕೊಡಬೇಕು ಅನ್ನಿಸ್ಲಿಲ್ವಾ ನಿನಗೆ ಅಂತ ನಾನು ಎಷ್ಟು ನೊಂದ್ಕೊಂಡಿದ್ದೀನಿ ಗೊತ್ತಾ?"

ಅಂಗಡಿ ಮುಚ್ಚಲಿಲ್ಲ. ಹೊಸ ಮಾಲು ಬಂದ್ರೆ ಈಗ ಅಕ್ಕ ಅಂಗಡಿಗೇ ಬಂದು ಸ್ಟೂಲ್ ಮೇಲೆ ಕೂತು ಎಲ್ಲರ ಎದುರಿಗೇ ಮೂಸಿ ಹೇಳ್ತಾರೆ. ನಮಗೆ ವಾಸನೆ ಬರಲ್ಲ ಅಂತ ನಾನೇ ಗಿರಾಕಿಗಳಿಗೆ ಹೇಳ್ತೀನಿ. ಯಾರೂ ಬಿಟ್ಟು ಹೋಗಿಲ್ಲ. ಅಜ್ಜಂಪುರದ ಆ ಮಗ ತಿಂಗಳಿಗೊಂದ್ಸಲ ಬರ್ತಾನೆ. ಗಂಧ ಬೇಡವಂತೆ, ಅಪ್ಪ ಕೊನೆಗೆ ಹಾಕ್ಕೊಂಡಿದ್ರಲ್ಲ, ಅದೇ ಬೇಕಂತೆ. ನಮ್ಮಿಬ್ಬರ ಮೂಗು ಇವತ್ತಿಗೂ ಬಂದಿಲ್ಲ.

ಸಾರು ಸೀದ ಮಾರನೇ ದಿನ ನನ್ನ ಹೆಂಡತಿ ಎರಡು ವರ್ಷದ ಪಾಯಸ ಒಂದೇ ಸಲ ಮಾಡಿದ್ಲು. ಹಾಲು ಇಂಗಿಸಿ, ಗುಲ್ಕನ್ ಹಾಕಿ. ಅಕ್ಕ ಒಲೆ ಪಕ್ಕ ನಿಂತು, ತುಪ್ಪ ಸಾಕು, ಏಲಕ್ಕಿ ಇನ್ನೊಂಚೂರು, ಅಂತ ಮೂಗಲ್ಲೇ ನೋಡಿ ನೋಡಿ ಹೇಳಿದ್ರು. ನಾಲ್ಕು ಬಟ್ಟಲಲ್ಲಿ ಹಾಕಿ ತಂದಿಟ್ರು. ಮೇಷ್ಟ್ರು ತಮ್ಮ ಬಟ್ಟಲನ್ನ ಎರಡು ಕೈಲೂ ಎತ್ತಿ ಹಿಡ್ಕೊಂಡ್ರು. ಹೆಂಡತಿ ಅವರನ್ನೇ ನೋಡ್ತಿದ್ರು. ಮೇಷ್ಟ್ರು ಚಮಚ ಮುಟ್ಲಿಲ್ಲ. ಕಣ್ಣು ಮುಚ್ಚಿ ಒಂದು ದೀರ್ಘ ಉಸಿರು ಎಳ್ಕೊಂಡು ಶುರು ಮಾಡಿದ್ರು. ಮೊದಲು ಪಾಕ ಬಂತು, ಅಂದ್ರು. ಈಗ ಗುಲಾಬಿ. ಈಗ ಕೆನೆ. ಅವರು ಹೇಳ್ತಾ ಹೋದಂಗೆ ನಾನೂ ನನ್ನ ಹೆಂಡತಿಯೂ ಒಂದೊಂದೇ ಚಮಚ ತಿಂತಾ ಹೋದ್ವಿ. ಬಟ್ಟಲು ಖಾಲಿ ಆಯ್ತು. ಮೇಷ್ಟ್ರು ಕಣ್ಣು ಬಿಟ್ಟು, ತಮ್ಮ ತುಂಬಿದ ಬಟ್ಟಲನ್ನ ನನ್ನ ಕಡೆ ಸರಿಸಿ, ಬಲು ಗಂಭೀರವಾಗಿ ಅಂದ್ರು.

"ಇದನ್ನೂ ತಿನ್ನಪ್ಪಾ. ನಾನು ಮೂಸ್ತೀನಿ, ನೀವು ತಿನ್ನಿ. ಎಲ್ಲಾ ಸೇರಿಸಿದ್ರೆ ಒಬ್ಬ ಪೂರ್ತಿ ಮನುಷ್ಯ ಪಾಯಸ ಉಂಡಂಗಾಯ್ತು."